ಠಾಣೆಗೆ ಕರೆದರೆ ಬಾಯಿ ಬಿಡಲೇಬೇಕಾ? ವಕೀಲರನ್ನು ಕೇಳಿ

ಆಳಂದ ಸದಸ್ಯ: ಮೇಡಂ, ನನ್ನ ತಮ್ಮ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೀತಾನೆ. ಗೋದಾಮಿನ ತೊಗರಿ ಚೀಲ ಕಳುವಾಗಿವೆ. ಸಾಕ್ಷಿ ಹೇಳು ಬಾ ಅಂತ ನೋಟಿಸ್ ಕೊಟ್ಟರು. ಹೋದರೆ 'ಚೀಲ ಎಲ್ಲಿಟ್ಟೀ' ಅಂತಾರೆ. ಖಾಲಿ ಹಾಳೆಗೆ ಸಹಿ ಕೇಳಿದಾರೆ. ನಾಳೆ ಮತ್ತೆ ಹೋಗಬೇಕು.

ವಕೀಲರು: ಸಹಿ ಮಾಡಿದಾನಾ?

ಆಳಂದ ಸದಸ್ಯ: ಇಲ್ರೀ.

ವಕೀಲರು: ಮಾಡೋದೂ ಬೇಡ. ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೇ ಸಹಿ ಹಾಕಿಸಬಾರದು, ಪೊಲೀಸ್ ತನಿಖೆ, ಬಂಧನದ ಕಾನೂನಾದ ಬಿಎನ್‌ಎಸ್‌ಎಸ್ 181 ನೋಡಿ. ಇನ್ನು ಖಾಲಿ ಹಾಳೆಯಾ? ಕರೆದದ್ದು ಸಾಕ್ಷಿ ಅಂತ, ಕೇಳುತ್ತಿರುವುದು ಕಳ್ಳನನ್ನು ಕೇಳಿದಂತೆ. ಅದೇ ನನಗೆ ಚಿಂತೆ. ಆರೋಪಿಯನ್ನು ತನ್ನ ಮೇಲೆ ತಾನೇ ಸಾಕ್ಷಿ ಹೇಳು ಅಂತ ಒತ್ತಾಯಿಸುವಂತಿಲ್ಲ, ಸಂವಿಧಾನದ 20(3). ಸಾಕ್ಷಿಯಾದರೂ ತನ್ನನ್ನೇ ಕೇಸಿಗೆ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ, ಬಿಎನ್‌ಎಸ್‌ಎಸ್ 180. ಠಾಣೆಯಲ್ಲಿ ಕೇಳುವ ಪ್ರಶ್ನೆಗೂ ಈ ರಕ್ಷಣೆ ಇದೆ ಅಂತ 1978ರಲ್ಲೇ ನಂದಿನಿ ಸತ್ಪತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹೋಗದೆ ಇರಬಾರದು, ಸುಳ್ಳೂ ಹೇಳಬಾರದು. 'ವಕೀಲರನ್ನು ಕೇಳಿ ಹೇಳ್ತೀನಿ' ಅಂದರೆ ಸಾಕು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯಲ್ಲ ಅಂತ ಧೈರ್ಯ ಬೇಡ. ಕಸ್ಟಡಿಯಲ್ಲಿ ಅವನು ಹೇಳಿದ ಜಾಗದಲ್ಲೇ ಚೀಲ ಸಿಕ್ಕರೆ ಅಷ್ಟು ಮಾತು ನಡೆಯುತ್ತದೆ. ನೋಟಿಸಿನ ಫೋಟೋ ಈಗಲೇ ಕಳಿಸಿ.

ಸೇಡಂ ಸದಸ್ಯ: ಮೇಡಂ, '20(3)' ಅಂತ ಚೀಟಿ ತೋರಿಸಿದರೆ ಅರೆಸ್ಟ್ ಇಲ್ಲ, ಬೆರಳಚ್ಚೂ ಕೊಡಬೇಕಿಲ್ಲ ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ವಕೀಲರು: ಸುಳ್ಳು. ಅರೆಸ್ಟಿಗೂ ಇದಕ್ಕೂ ಸಂಬಂಧವಿಲ್ಲ. ಬೆರಳಚ್ಚು, ಕೈಬರಹದ ಮಾದರಿ ಇದರಲ್ಲಿ ಬರಲ್ಲ ಅಂತ 1961ರಲ್ಲೇ ತೀರ್ಪಾಗಿದೆ. ಅದನ್ನು ನಂಬಿ ಠಾಣೆಯಲ್ಲಿ ಜಗಳಕ್ಕೆ ನಿಂತೀರಿ ಮತ್ತೆ!

ಜೇವರ್ಗಿ ಸದಸ್ಯ: ಮಂಪರು ಪರೀಕ್ಷೆ?

ವಕೀಲರು: ಒಪ್ಪಿಗೆ ಇಲ್ಲದೆ ಆಗಲ್ಲ. ಸುಪ್ರೀಂ ಕೋರ್ಟಿನ ಸೆಲ್ವಿ ಕೇಸು, 2010.

ಅಫಜಲಪುರ ಸದಸ್ಯ: ಫೋನಿನ ಪಾಸ್‌ವರ್ಡ್ ಕೊಡಲೇಬೇಕಾ ಮೇಡಂ?

ಶಹಾಬಾದ್ ಕಾಕಾ: ತಪ್ಪು ಮಾಡದವನಿಗೆ ಬಾಯಿ ಮುಚ್ಚೋ ಕೆಲಸ ಏನಿದೆ?

ಚಿಂಚೋಳಿ ಸದಸ್ಯೆ: ನಿಮ್ಮ ಮಗನನ್ನ ಕರೆದಾಗ ಹೇಳ್ರಿ ಕಾಕಾ.

ಶಹಾಬಾದ್ ಕಾಕಾ: ನನ್ನ ಮಗನ ಮಾತು ಯಾಕೆ ಬಂತು? ಕಳ್ಳರಿಗೆ ಕಾನೂನು ಕಲಿಸೋ ಗ್ರೂಪಾ ಇದು?

ಚಿಂಚೋಳಿ ಸದಸ್ಯೆ: ಕಳ್ಳ ಅಂತ ನೀವೇ ತೀರ್ಪು ಕೊಟ್ರಾ? ಭಾಳ ದೊಡ್ಡ ಜಡ್ಜ್!

ಯಡ್ರಾಮಿ ಸದಸ್ಯ: ಮಂಪರು ಪರೀಕ್ಷೆ ಮಾಡಬಹುದಾ?

ವಕೀಲರು: ಮೇಲೆ ಓದಿ.

ಆಳಂದ ಸದಸ್ಯ: ನೋಟಿಸ್ ಕಳಿಸೀನ್ರೀ ಮೇಡಂ.

ವಕೀಲರು: ನೋಡಿದೆ. ಬಿಎನ್‌ಎಸ್‌ಎಸ್ ಕಲಂ 35(3) ಅಂತಿದೆ. ಇದು ಸಾಕ್ಷಿಯ ನೋಟಿಸಲ್ಲ, ಅನುಮಾನ ಇರುವವನಿಗೆ ಕೊಡುವುದು. ಹೋಗದಿದ್ದರೆ ಅರೆಸ್ಟ್ ಮಾಡಬಹುದು. ಒಬ್ಬನೇ ಹೋಗೋದು ಬೇಡ, ಬೆಳಿಗ್ಗೆ ಮೊದಲು ನನ್ನ ಆಫೀಸಿಗೆ ಬರಲಿ. ಕಾಕಾ, ನೀವು ಸ್ವಲ್ಪ ಸುಮ್ಮನಿರಿ.