ಪದ ಬೇಕಿತ್ತು (ಅರ್ಜೆಂಟ್): ಫುಡ್ ಬ್ಯಾಂಕಿಗೆ ಕನ್ನಡದಲ್ಲಿ ಏನಂತೀರಿ?

ಎಸ್.ಕೆ., ಮೈಸೂರು:

ಎಲ್ರಿಗೂ ನಮಸ್ಕಾರ. ಒಂದು ಮಾಸಪತ್ರಿಕೆಗೆ ಬ್ರಿಟನ್ನಿನ ಬೇಸಾಯದ ಬಗ್ಗೆ ಲೇಖನ ಅನುವಾದ ಮಾಡ್ತಿದೀನಿ, ನಾಳೆ ಸಂಜೆ ಪುಟ ಕಟ್ತಾರಂತೆ, ಅದಕ್ಕೇ ಅವಸರ. 2025ರ ಜುಲೈನಲ್ಲಿ ನಮ್ಮೋರು ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ಮೇಲೆ ಸಂಪಾದಕರಿಗೆ ಈ ವಿಷಯ ತಲೆಗೆ ಹತ್ತಿದೆ. ಲೇಖನ ಮಾತ್ರ ಅದಕ್ಕಿಂತ ಮುಂಚಿನ ಕತೆ, ಬ್ರೆಕ್ಸಿಟ್ ಆದ್ಮೇಲೆ ಅವರು ಆಸ್ಟ್ರೇಲಿಯಾ ಜೊತೆ ಮಾಡ್ಕೊಂಡ ಮುಕ್ತ ವ್ಯಾಪಾರ ಒಪ್ಪಂದ, ಅದ್ರಿಂದ ವೇಲ್ಸ್ ಗುಡ್ಡಗಳಲ್ಲಿ ಕುರಿ ಸಾಕೋರಿಗೆ ಹುಟ್ಟಿದ ಭಯ, ಅದೇ ಶ್ರೀಮಂತ ದೇಶದಲ್ಲಿ ಅಡುಗೆಮನೆ ಖಾಲಿಯಾಗಿ ಫುಡ್ ಬ್ಯಾಂಕಿಗೆ (ಕಷ್ಟದಲ್ಲಿರೋರಿಗೆ ಪುಕ್ಕಟೆ ದಿನಸಿ ಕೊಡೋ ಜಾಗ) ಹೋಗೋ ಜನ, ಇಷ್ಟೂ ಒಂದರಲ್ಲೇ ತುರುಕಿದಾರೆ.

ಸಿಕ್ಕಾಕ್ಕೊಂಡಿರೋದು ಫುಡ್ ಬ್ಯಾಂಕ್ ಹತ್ರ. ಶೀರ್ಷಿಕೇಲೇ ಇದೆ, ತಪ್ಪಿಸ್ಕೊಳ್ಳೋ ಹಾಗಿಲ್ಲ. ಆಹಾರ ಬ್ಯಾಂಕ್ ಅಂದ್ರೆ ಯಾರೋ ಸಾಲ ಕೊಡ್ತಾರೆ ಅನ್ಸುತ್ತೆ. ಅನ್ನದಾಸೋಹ ಅನ್ನಬಹುದಾ? ಇನ್ನೊಂದು, ಇಷ್ಟು ಟನ್ ತನಕ ಸುಂಕ ಇಲ್ಲ, ಅದರ ಮೇಲೆ ಬಂದಿದ್ದಕ್ಕೆ ಸುಂಕ, ಈ ಏರ್ಪಾಟಿಗೆ ಒಂದು ಪದ. ಪತ್ರಿಕೆಯವರು ಮಷೀನಲ್ಲಿ ಮಾಡಿಸಿದ ಕರಡು ಕಳ್ಸಿದಾರೆ, ಅದ್ರಲ್ಲಿ ದೇಶದೊಳಗಿನ ಬೇಸಾಯ ಹೋಗಿ 'ಗೃಹಕೃಷಿ' ಆಗಿದೆ, ತಾರಸಿ ಮೇಲೆ ಟೊಮೇಟೊ ಬೆಳೆಯೋರ ಬಗ್ಗೆ ಬರೆದಂಗೆ. ಕಾರ್ನ್ ಲಾಸ್‌ಗೆ 'ಜೋಳದ ಕಾನೂನುಗಳು'. ಅದಕ್ಕೂ ಏನಾದ್ರೂ ಹೇಳಿ.

ವಿ.ಎಚ್., ಧಾರವಾಡ:

ಇಂಗ್ಲೆಂಡಿನ್ಯಾಗ ಜೋಳಾ ಯಾರು ಬಿತ್ತತಾರ್ರೀ? ಅಲ್ಲಿ ಕಾರ್ನ್ ಅಂದ್ರ ಗೋದಿ, ಬಾರ್ಲಿ, ಓಟ್ಸ್ ಎಲ್ಲಾ ಕೂಡಿ ಧಾನ್ಯ. ಮೆಕ್ಕಿಜೋಳಕ್ಕ ಆ ಹೆಸರು ಅಂಟಿದ್ದು ಅಮೇರಿಕಾದಾಗ. ನೆಪೋಲಿಯನ್ ಯುದ್ಧ ಮುಗದ ಮ್ಯಾಲೆ ಹೊರಗಿನ ಅಗ್ಗದ ಧಾನ್ಯ ಒಳಗ ಬರಬಾರದಂತ ಅಲ್ಲಿ ಜಮೀನ್ದಾರರು 1815ರಾಗ ಮಾಡಿಸಿಕೊಂಡ ಕಾಯ್ದೆ ಅದು, 1846ರಾಗ ರಾಬರ್ಟ್ ಪೀಲ್ ತಗಿಸಿದ. ಧಾನ್ಯ ಕಾಯ್ದೆ ಅಂತ ಬರೀರಿ, ಮುಗೀತು.

ಎರಡನೇದಕ್ಕ ಹೊಸಾ ಪದಾ ಹುಟ್ಟಸಬ್ಯಾಡ್ರಿ. ಕೋಟಾ ಅಂದ್ರ ಹಳ್ಳಿ ಮುದುಕಿಗೂ ತಿಳೀತದ. ಸುಂಕವಿಲ್ಲದ ಕೋಟಾ ಅನ್ರಿ. ದಾಸೋಹ ಖಂಡಿತ ಬ್ಯಾಡ, ಅದು ಬೇಯಿಸಿ ಬಡಿಸೂದು. ಪಡಿ ಅಂತ ಚೆಂದದ ಪದಾ ಅದ, ಅಳದು ಕೊಡೂ ಹಸಿ ಧಾನ್ಯ. ಪಡಿತರ ಅದರಿಂದನ ಬಂದದ್ದು. ಪಡಿಮನೆ ಅನ್ರಿ.

ಬಿ., ಬೆಂಗಳೂರು:

ಮೊದಲು 'ಮುಕ್ತ ವ್ಯಾಪಾರ' ತೆಗೆಯಿರಿ, ಎರಡೂ ಸಕ್ಕದ (ಸಂಸ್ಕೃತ). ತಡೆಯಿಲ್ಲದ ಕೊಡುಕೊಳೆ ಎಂದರೆ ಓದುಗರಿಗೆ ನೇರವಾಗಿ ತಿಳಿಯುತ್ತದೆ. ಪುಡ್ ಬ್ಯಾಂಕಿಗೆ ಕೂಳುಮನೆ. ಕೂಳು ಅಚ್ಚಕನ್ನಡ, ಹಳಗನ್ನಡದಲ್ಲಿ ಕೂೞ್, ತಮಿಳಿನಲ್ಲೂ ಇದೆ. ಆಹಾರ, ಅನ್ನ, ದಾಸೋಹ ಯಾವುದೂ ನಮ್ಮದಲ್ಲ. ಬೇರೆ ಬಾಶೆಯ ಅರ್ತ ಹೊತ್ತುಕೊಂಡು ತಿರುಗುವುದನ್ನು ಎಂದು ಬಿಡುತ್ತೀರೋ.

ವಿ.ಎಚ್., ಧಾರವಾಡ:

ಕೂಳು? 'ಕೂಳಿಗೆ ದಂಡ ಭೂಮಿಗೆ ಭಾರ' ಅಂತ ಬೈಯೂ ಪದಾ ಅದು. ಹಸದು ಬಂದವನ ಕೈಯಾಗ ಚೀಲಾ ಕೊಟ್ಟು, ಕೂಳುಮನಿಗೆ ಬಂದಾನ ನೋಡ್ರಿ ಅಂತ ಬರೀತೀರಿ?

ಬಿ., ಬೆಂಗಳೂರು:

ಅನ್ನ ಮೇಲಕ್ಕೆ ಹೋಗಿದ್ದಕ್ಕೆ ಕೂಳು ಬಯ್ಗುಳವಾಯಿತು. ಪದದ ತಪ್ಪಲ್ಲ. ಬಳಸುತ್ತಾ ಹೋದರೆ ಮತ್ತೆ ಮೇಲೆ ಬರುತ್ತದೆ.

ಎಸ್.ಕೆ., ಮೈಸೂರು:

ಸರ್, ಮೇಲೆ ತರೋ ಕೆಲ್ಸ ಬೇರೆ ಯಾವಾಗಾದ್ರೂ ಮಾಡೋಣ, ನನಗೆ ನಾಳೆ ಸಂಜೆ ಒಳಗೆ ಬೇಕು.

ಆರ್.ಎಂ., ಲೆಸ್ಟರ್:

ನಾನು ಇಲ್ಲಿ ಚರ್ಚ್ ಹಾಲಲ್ಲಿ ನಡೆಯೋ ಒಂದು ಫುಡ್ ಬ್ಯಾಂಕಿಗೆ ಕೈಲಾದಾಗ ಹೋಗಿ ಸಾಮಾನು ಕಟ್ಟಿಕೊಡ್ತೀನಿ, ಹಾಗಾಗಿ ಪದ ಆಮೇಲೆ, ಮೊದ್ಲು ಅಲ್ಲಿ ಏನಾಗುತ್ತೆ ಕೇಳಿ.

ದಾಸೋಹಕ್ಕೆ ಯಾರು ಬೇಕಾದ್ರೂ ಬಂದು ಪಂಕ್ತೀಲಿ ಕೂರ್ತಾರೆ, ಯಾಕ್ ಬಂದ್ರಿ ಅಂತ ಯಾರೂ ಕೇಳಲ್ಲ. ಇಲ್ಲಿ ಸಾಮಾನ್ಯವಾಗಿ ಹಾಗಲ್ಲ, ಡಾಕ್ಟ್ರೋ ಸ್ಕೂಲೋ ಸಲಹಾ ಕೇಂದ್ರದವರೋ ಒಂದು ವೋಚರ್ ಬರ್ಕೊಡ್ಬೇಕು, ಮನೇಲಿ ಎಷ್ಟು ಜನ, ಏನು ಕಷ್ಟ ಅಂತೆಲ್ಲ ಇರುತ್ತೆ. ಅದನ್ನ ತೋರಿಸಿದ್ರೆ ಮೂರು ದಿನಕ್ಕಾಗೋಷ್ಟು ಸಾಮಾನು, ಪಾಸ್ತಾ, ಡಬ್ಬಿ ಬೀನ್ಸ್, ಡಬ್ಬಿ ಮೀನು, ಸೀರಿಯಲ್, ಕೆಡದಿರೋ ಥರದ ಹಾಲು. ಚೀಲ ಕಟ್ಟೋಕೆ ಮುಂಚೆ ನಾವು ಕೇಳೋದು, ಮನೇಲಿ ಸ್ಟೌ ಕೆಲಸ ಮಾಡುತ್ತಾ, ಮೀಟರಲ್ಲಿ ದುಡ್ಡಿದ್ಯಾ, ಡಬ್ಬಿ ತೆಗೆಯೋ ಓಪನರ್ ಇದ್ಯಾ. ಇಲ್ಲಿ ಬಡವರ ಮನೇಲಿ ಎಷ್ಟೋ ಕಡೆ ಕರೆಂಟು ಗ್ಯಾಸು ಎರಡೂ ಪ್ರೀಪೇಡು, ದುಡ್ಡು ಹಾಕಿದ್ರೆ ಮಾತ್ರ ಉರಿಯುತ್ತೆ. ಅದಕ್ಕೇ ಬರೀ ಬಿಸಿನೀರು ಹುಯ್ದ್ರೆ ತಿನ್ನೋಕಾಗೋ ಸಾಮಾನಿನ ಚೀಲ ಬೇರೇನೇ ಇರುತ್ತೆ, ಕೆಟಲ್ ಪ್ಯಾಕ್ ಅಂತಾರೆ. ನೀರು ಕಾಯಿಸೋಕೂ ಆಗದವರಿಗೆ ಡಬ್ಬಿಯಿಂದ ತೆಗೆದು ತಣ್ಣಗೇ ತಿನ್ನೋವಂಥದ್ದು. ಅಕ್ಕಿ ಬೇಡಿ, ಬೇಯಿಸೋಕಾಗಲ್ಲ ಅಂತ ವಾಪಸ್ ಇಡೋರನ್ನ ನೋಡಿದೀನಿ.

ಬರೋರೆಲ್ಲ ಕೆಲ್ಸ ಇಲ್ದೋರೂ ಅಲ್ಲ. ಕೆಲ್ಸ ಇದ್ರೂ ಬಾಡಿಗೆಗೇ ಸಂಬಳ ಹೋಗಿರುತ್ತೆ. ಇನ್ನು ಕಮ್ಮಿ ಆದಾಯದೋರಿಗೆ ಸರ್ಕಾರ ಕೊಡೋ ಸಹಾಯಧನ, ಯೂನಿವರ್ಸಲ್ ಕ್ರೆಡಿಟ್‌ಗೆ ಹೊಸದಾಗಿ ಅರ್ಜಿ ಹಾಕಿದ್ರೆ ಮೊದಲ ದುಡ್ಡು ಕೈಗೆ ಬರೋಕೆ ಐದು ವಾರ, ಅಲ್ಲಿ ತನಕ ಬೇಕಾದ್ರೆ ಮುಂಗಡ ಕೊಡ್ತಾರೆ, ಅದು ಆಮೇಲೆ ಮುರ್ಕೊಳ್ಳೋ ಸಾಲ. ಟ್ರಸೆಲ್ ಸಂಸ್ಥೆ ಮೊದಲನೇ ಫುಡ್ ಬ್ಯಾಂಕ್ ತೆಗೆದಿದ್ದು 2000ದಲ್ಲಿ ಸಾಲ್ಸ್‌ಬರೀಲಿ, 2023–24ರಲ್ಲಿ ಅದೊಂದರ ಜಾಲದಿಂದ್ಲೇ 31 ಲಕ್ಷಕ್ಕೂ ಜಾಸ್ತಿ ಪಾರ್ಸೆಲ್ ಹೋಗಿದೆ. ಆಸ್ಟ್ರೇಲಿಯಾದಿಂದ ಅಗ್ಗದ ಮಾಂಸ ಬಂದ್ರೆ ಬಡವರಿಗೆ ಅನುಕೂಲ ಅಂತ ಆ ಲೇಖನದಲ್ಲಿ ಬರೆದಿದ್ರೆ ನಂಬ್ಬೇಡಿ, ಈ ಚೀಲಗಳಲ್ಲಿ ಕುರಿಮಾಂಸನೇ ಇರಲ್ಲ.

ಪದ ಅಂತೀರಾ, ಇಲ್ಲಿರೋ ನಾವು ಕನ್ನಡದೋರು ಮನೇಲೂ ಫುಡ್ ಬ್ಯಾಂಕ್ ಅಂತ್ಲೇ ಅನ್ನೋದು.

ಜಿ.ಟಿ., ತೀರ್ಥಹಳ್ಳಿ:

ಗಂಜಿ ಕೇಂದ್ರ ಅನ್ನೋ ಪದ ಒಬ್ರಿಗೂ ನೆನಪಾಗ್ಲಿಲ್ವಾ? ಬರ ಬಂದಾಗ, ನೆರೆ ಬಂದಾಗ ಪೇಪರ್ನೋರು ಇವತ್ತಿಗೂ ಬಳಸ್ತಾರೆ. ಬೇಯಿಸಿದ್ದು ಅನ್ನೋ ತಕರಾರು ಬರುತ್ತೆ, ಗೊತ್ತು, ಆದ್ರೂ ಅದರಲ್ಲಿರೋ ಅವಮಾನ ಪಡಿಮನೇಲಿ ಇಲ್ಲ.

ನನ್ನ ತಕರಾರು 'ಮುಕ್ತ' ಅನ್ನೋದರ ಮೇಲೆ, ಸಕ್ಕದ ಅಂತಲ್ಲ, ಸುಳ್ಳು ಅಂತ. ಆಸ್ಟ್ರೇಲಿಯಾ ಒಪ್ಪಂದ 2021ರ ಡಿಸೆಂಬರಲ್ಲಿ ಸಹಿ ಆಯ್ತು, 2023ರ ಮೇ 31ಕ್ಕೆ ಜಾರಿಗೆ ಬಂತು. ದನದ ಮಾಂಸ ಮೊದಲ ವರ್ಷ 35,000 ಟನ್ ಸುಂಕ ಇಲ್ದೆ ಬರಬಹುದು, ಹತ್ತನೇ ವರ್ಷಕ್ಕೆ 1,10,000 ಟನ್. ಕುರಿ ಮಾಂಸ 25,000ದಿಂದ 75,000ಕ್ಕೆ. ಆಮೇಲೂ ಕೆಲವು ವರ್ಷ ಆಮದು ಉಕ್ಕಿ ಬಂದ್ರೆ ತಡೆಯೋ ಷರತ್ತು ಬೇರೆ. ಇಷ್ಟು ಗೇಟು ಇರೋದಕ್ಕೆ ಮುಕ್ತ ಅಂತ ಹೆಸರು. ಲಾಭನಾದ್ರೂ ಎಷ್ಟು ಅಂದ್ರೆ, ಬ್ರಿಟನ್ ಸರ್ಕಾರದ್ದೇ ಅಂದಾಜಲ್ಲಿ 2035ರ ಹೊತ್ತಿಗೆ ಜಿಡಿಪಿಗೆ 0.08 ಪರ್ಸೆಂಟ್. ಕೃಷಿ ಖಾತೆ ನೋಡ್ಕೊಂಡಿದ್ದ ಜಾರ್ಜ್ ಯೂಸ್ಟಿಸ್ ಮಂತ್ರಿಗಿರಿ ಹೋದ್ಮೇಲೆ 2022ರ ನವೆಂಬರಲ್ಲಿ ಪಾರ್ಲಿಮೆಂಟಲ್ಲೇ ಇದು ಅಂಥಾ ಒಳ್ಳೆ ಒಪ್ಪಂದ ಏನಲ್ಲ ಅಂದ್ರು. ಕುರ್ಚೀಲಿ ಕೂತಾಗ ಯಾಕೆ ಬಾಯಿ ಬರ್ಲಿಲ್ಲ ಅಂತ ಕೇಳ್ಬಾರ್ದು. ವೇಲ್ಸ್ ಗುಡ್ಡದಲ್ಲಿ ಕುರಿ ಬಿಟ್ರೆ ಬೇರೇನು ಬೆಳೆಯೋಕಾಗುತ್ತೆ, ಅವರು ಗದ್ದೆ ಮಾಡ್ತಾರಾ? ನಮ್ಮೋರು ಬ್ರಿಟನ್ ಒಪ್ಪಂದದಿಂದ ಹಾಲು ಬೆಣ್ಣೆ ಹೊರಗಿಟ್ರು, 2019ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ ಆರ್‌ಸಿಇಪಿ ಬಿಟ್ಟು ಎದ್ದು ಬಂದಿದ್ದಕ್ಕೂ ಹಾಲಿನೋರ ಗಲಾಟೆ ಒಂದು ಕಾರಣ. ನಾಲ್ಕು ಎಮ್ಮೆ ಕಟ್ಟಿಕೊಂಡೋರಿಗೆ ಆ ಸುಂಕನೇ ಬೇಲಿ.

ಪಿ.ಕೆ., ಮಂಗಳೂರು:

ಪದಚರ್ಚೆಯೋ ಪಾರ್ಲಿಮೆಂಟೋ ಇದು ಮಾರಾಯ್ರೆ. ಹಳೇ ಕಾವ್ಯ ಓದಿದವರಿಗೆ ಪಡಿ ಅಂದ್ರೆ ಬಾಗಿಲ ಕದ. ಪಡಿಯಚ್ಚು ಅಂದ್ರೆ ನಕಲು. ಪಡಿಮನೆ ಅಂದ್ರೆ ಕದ ಮಾರುವ ಅಂಗಡಿಯೋ ಜೆರಾಕ್ಸ್ ಅಂಗಡಿಯೋ, ನೀವೇ ಹೇಳಿ.

ವಿ.ಎಚ್., ಧಾರವಾಡ:

ಮೂರೂ ಕಲಸಬ್ಯಾಡ್ರಿ. ಪಡಿಯಚ್ಚಿನ ಪಡಿ ಸಂಸ್ಕೃತದ ಪ್ರತಿ, ಪ್ರಾಕೃತದ ಹಾದಿ ಹಿಡದು ಬಂದದ್ದು. ಅಳತಿಯ ಪಡಿ ದ್ರಾವಿಡದ್ದು, ತಮಿಳಿನ್ಯಾಗೂ ಪಡಿ ಅಂತನ ಅಳೀತಾರ. ಉಚ್ಚಾರ ಒಂದ ಆದ ಮಾತ್ರಕ್ಕ ಪದಾ ಒಂದ ಆಗೂದಿಲ್ಲ. ಕದದ ಪಡಿ ಈಗ ಯಾರ ಬಾಯಾಗ ಅದ?

ಇನ್ನ ಬಿ. ಅವರಿಗೊಂದು ಪ್ರಶ್ನೆ. ಮುಕ್ತ ಬ್ಯಾಡ, ವ್ಯಾಪಾರ ಬ್ಯಾಡ ಅಂದ್ರಿ. ಸುಂಕದ ಮ್ಯಾಲೆ ಯಾಕ ಸುಮ್ಮನಾದ್ರಿ?

ಬಿ., ಬೆಂಗಳೂರು:

ಸುಂಕ ಕನ್ನಡವೇ. ಏನು ತೊಂದರೆ?

ವಿ.ಎಚ್., ಧಾರವಾಡ:

ಶುಲ್ಕದ ತದ್ಭವ. ಕಲ್ಯಾಣ ಚಾಲುಕ್ಯರ ಶಾಸನ ತಗದು ನೋಡ್ರಿ, ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅಂತ ಸಾಲಾಗಿ ತೆರಿಗಿ ಹೆಸರು ಸಿಗತಾವ. ದೊಡ್ಡ ಸುಂಕಕ್ಕ ಪೆರ್ಜುಂಕ ಅಂದ್ರು, ಮುಂದ ಕನ್ನಡದ ವಿಶೇಷಣ, ಹಿಂದ ಸಂಸ್ಕೃತದಿಂದ ಬಂದ ಪದಾ, ಎರಡೂ ಕೂಡಿಸಿ ಆರಾಮ ಬಾಳೇ ಮಾಡಿದ್ರು. ಹನ್ನೆರಡನೇ ಶತಮಾನದಾಗ ಸುಂಕದ ಬಂಕಣ್ಣ ಅಂತ ವಚನಕಾರನ ಇದ್ದ. ಅವನ ಹೆಸರೂ ತಿದ್ದತೀರೇನು?

ಬಿ., ಬೆಂಗಳೂರು:

ತದ್ಬವ ಬೇರೆ, ಹಾಗೇ ಎತ್ತಿಕೊಂಡ ಪದ ಬೇರೆ. ಸುಂಕ ಕನ್ನಡಿಗರ ನಾಲಿಗೆಗೆ ಒಗ್ಗಿದೆ. 'ಮುಕ್ತ ವ್ಯಾಪಾರ' ಕಚೇರಿಯವರು ಹೇರಿದ್ದು. ಇಶ್ಟು ಸಣ್ಣ ಬೇರ್ಮೆ ಕಾಣದಿದ್ದರೆ ನಾನೇನು ಮಾಡಲಿ.

ಪಿ.ಕೆ., ಮಂಗಳೂರು:

ಒಗ್ಗಿದ್ದೇ ಕನ್ನಡ ಅಂತಾದ್ರೆ ಬ್ಯಾಂಕೂ ಒಗ್ಗಿದೆ. ನಾಲ್ಕು ದೊಡ್ಡ ಬ್ಯಾಂಕು ಹುಟ್ಟಿದ ಜಿಲ್ಲೆಯವ ನಾನು, ನನಗೆ ಅದು ಪರದೇಶದ ಪದ ಅಂತ ಹೇಳಬೇಡಿ.

ಎಸ್.ಕೆ., ಮೈಸೂರು:

ಸುಂಕದೋರ ಹತ್ರ ಸುಖದುಃಖ ಹೇಳ್ಕೊಂಡಂಗಾಯ್ತು ನನ್ನ ಕತೆ. ಲೇಖನ ಕಳ್ಸಿ ಆಯ್ತು. ಶೀರ್ಷಿಕೇಲಿ ಫುಡ್ ಬ್ಯಾಂಕ್ ಅಂತ್ಲೇ ಬಿಟ್ಟೆ, ಒಳಗೆ ಮೊದಲ ಸಲ ಬಂದಾಗ 'ಚೀಟಿ ತೋರಿಸಿದರೆ ಮೂರು ದಿನದ ದಿನಸಿ ಕೊಡುವ ಜಾಗ' ಅಂತ ಸೇರ್ಸಿದೆ, ಆರ್.ಎಂ. ಅವರಿಗೆ ಥ್ಯಾಂಕ್ಸ್, ಓಪನರ್ ವಿಷಯ ಕೇಳಿ ಸಂಪಾದಕರು ಅದಕ್ಕೊಂದು ಬಾಕ್ಸ್ ಐಟಂ ಬರೀರಿ ಅಂದ್ರು. ಧಾನ್ಯ ಕಾಯ್ದೆ, ಸುಂಕವಿಲ್ಲದ ಕೋಟಾ ಎರಡೂ ಹಾಗೇ ಹೋಯ್ತು. ಗೃಹಕೃಷಿ ಹೊಡೆದು 'ಸ್ವಂತ ನೆಲದ ಬೇಸಾಯ' ಮಾಡಿದೆ. ವೋಚರಿಗೆ ಪಡಿಚೀಟಿ ಅಂತ ಬರ್ದಿದ್ದೆ ವಿ.ಎಚ್. ಮೇಷ್ಟ್ರೇ, ಜನ ರೇಷನ್ ಕಾರ್ಡ್ ಅನ್ಕೋತಾರೆ ಅಂತ ಸಂಪಾದಕರು ಶಿಫಾರಸು ಚೀಟಿ ಮಾಡ್ಬಿಟ್ರು.

ಬಿ., ಬೆಂಗಳೂರು:

ಶಿಪಾರಸು ಪಾರಸಿ.

ವಿ.ಎಚ್., ಧಾರವಾಡ:

ಚೀಟಿನೂ ಉತ್ತರದಿಂದನ ಬಂದದ್ದು. ಅದನ್ನ್ಯಾಕ ಬಿಟ್ರಿ?