ಸಹಾಯ ಬೇಕು: ಎರೆಮಣ್ಣಿನ ಟ್ರೆಂಚ್, ಮೊದಲ ದಿನದ ತ್ರೀಡಿ ಮಾಡೆಲ್ ಮೇಲೆ ಹತ್ತನೇ ದಿನದ್ದು ಕೂರ್ತಿಲ್ಲ

ರಾಯಚೂರು ಕಡೆ ಎರೆಮಣ್ಣಿನಲ್ಲಿ 5×5 ಮೀಟರ್ ಉತ್ಖನನ ಟ್ರೆಂಚ್. ಪದರ ತೆಗೆದಾಗಲೆಲ್ಲ 24 ಎಂಎಂ ಲೆನ್ಸಲ್ಲಿ ಸುಮಾರು 180 ಫೋಟೊ, ಶೇ 80 ಓವರ್‌ಲ್ಯಾಪ್, ಫೋಟೊಗಳಿಂದ ತ್ರೀಡಿ ಮಾಡೆಲ್ ಕಟ್ಟುವ ಮೆಟಾಶೇಪ್ ಸಾಫ್ಟ್‌ವೇರ್‌ನಲ್ಲಿ ಮಾಡೆಲ್. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ, ಸ್ಕೇಲ್ ಬಾರ್ (ಉದ್ದ ಗೊತ್ತಿರುವ ಅಳತೆ ಪಟ್ಟಿ) ವ್ಯತ್ಯಾಸ 2 ಮಿಮೀ ಒಳಗೇ ಇದೆ. ಒಂದರ ಮೇಲೊಂದು ಇಟ್ಟಾಗ ಮಾತ್ರ ವಾಯವ್ಯ ಮೂಲೆಯಲ್ಲಿ 3 ಸೆಂಮೀ ಅಂತರ. ಅಲ್ಲಿ ಬೂದಿ ಪದರವೇ 4 ಸೆಂಮೀ ದಪ್ಪ, ಅಂದರೆ ಅದರ ಗಾತ್ರದ ಲೆಕ್ಕ ಪೂರ್ತಿ ಹಾಳು.

ಲೆನ್ಸ್ ಡಿಸ್ಟಾರ್ಶನ್ ಇರಬಹುದು ಅಂತ 45 ಡಿಗ್ರಿ ಓರೆ ಫೋಟೊ ಸೇರಿಸಿದೆ, ಫೋಕಸ್ ರಿಂಗಿಗೆ ಟೇಪ್ ಹಾಕಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಟೋಟಲ್ ಸ್ಟೇಷನ್ನಲ್ಲಿ (ಸರ್ವೆ ಉಪಕರಣ) ಮತ್ತೆ ಅಳೆದಾಗ ಗೊತ್ತಾಯ್ತು: ಟ್ರೆಂಚ್ ಅಂಚಿನ ಬದುವಿನ ಮೇಲೆ, ಮಾಡೆಲ್‌ಗೆ ಸ್ಥಾನ ಕೊಡಲು ಹೊಡೆದ 8 ಕಂಟ್ರೋಲ್ ಮೊಳೆಗಳಲ್ಲಿ 3 ಸರಿದಿವೆ. ಎರೆಮಣ್ಣು ಒಣಗಿ ಬಿರಿದಾಗ 15 ಸೆಂಮೀ ಮೊಳೆ ಮಣ್ಣಿನ ಜೊತೆಗೇ ಹೋಗುತ್ತೆ. ಇನ್ನು ಮುಂದೆ ದಿನಾ ಅಳೆಯುತ್ತೇನೆ, ಅದು ಬಿಡಿ.

ತೊಡಕು ಹಳೆಯ ಮಾಡೆಲ್‌ಗಳದ್ದು. 2ರಿಂದ 9ನೇ ದಿನದವರೆಗೆ ಮೊಳೆಗಳ ಮರು ಅಳತೆ ಇಲ್ಲ, ಆ ಪದರಗಳೂ ಈಗ ಇಲ್ಲ. ಸರಿಯದ 5 ಮೊಳೆಗಳೂ ಆಗ್ನೇಯಕ್ಕೇ ಇವೆ. ಅವನ್ನಷ್ಟೇ ನಂಬಿದರೆ ಮಾಡೆಲ್ ವಾಲುತ್ತೆ. ಆದರೆ ವಾಯವ್ಯದಲ್ಲಿ ಆಳಕ್ಕೆ ಇಳಿದ ಕಲ್ಲುಗೋಡೆಯ ತಲೆ ಎಲ್ಲಾ ದಿನದ ಫೋಟೊಗಳಲ್ಲೂ ಇದೆ.

ಆ ಗೋಡೆಯ ಕಲ್ಲುಗಳ ಮೇಲೆ ಈಗ ಬಿಂದು ಅಳೆದು, ಅವನ್ನೇ ಹಳೆಯ ಮಾಡೆಲ್‌ಗಳಿಗೆ ಕಂಟ್ರೋಲ್ ಆಗಿ ಕೊಡಬಹುದಾ? ಅಥವಾ ಎಲ್ಲಾ ದಿನದ ಫೋಟೊ ಒಂದೇ ಚಂಕಿಗೆ (ಮೆಟಾಶೇಪ್‌ನಲ್ಲಿ ಫೋಟೊಗಳ ಒಂದು ಗುಂಪು) ಹಾಕಿ, ಅಗೆದ ಭಾಗ ಮಾಸ್ಕ್ ಮಾಡಿ (ಲೆಕ್ಕಕ್ಕೆ ಬಾರದಂತೆ ಮುಚ್ಚಿ) ಒಟ್ಟಿಗೆ ಅಲೈನ್ ಮಾಡೋದು ಮೇಲಾ?