ಸಹಾಯ ಬೇಕು: ಸೃಷ್ಟಿಸಲ್ಪಟ್ಟ ಖಳನಿಗೆ ಎಷ್ಟು ಹೊಣೆ?

ಆತ್ಮೀಯರೇ,

2009ರ ಅನಿಮೆ (ಜಪಾನೀ ಅನಿಮೇಷನ್ ಸರಣಿ) ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ನ ಹೊಮುಂಕ್ಯುಲಸ್‌ಗಳ, ಅಂದರೆ ಕೃತಕವಾಗಿ ಸೃಷ್ಟಿಸಲ್ಪಟ್ಟ ಮನುಷ್ಯರೂಪಿಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದು, ನಿಮ್ಮ ನೆರವು ಬೇಕಾಗಿದೆ. ಕಥೆಯ ಮುಖ್ಯ ಖಳ ‘ಫಾದರ್’ ತನ್ನ ದುರ್ಗುಣಗಳನ್ನೇ ಬೇರ್ಪಡಿಸಿ ಇವರನ್ನು ರೂಪಿಸಿದ್ದರಿಂದ ಇವರಲ್ಲೊಬ್ಬನಾದ ಗ್ರೀಡ್‌ಗೆ ದುರಾಸೆಯ ಹೊರತು ಬೇರೆ ಸ್ವಭಾವವಿರಲಿಲ್ಲ ಎನ್ನಬಹುದಾದರೂ, ಅದೇ ದುರಾಸೆ ಅವನನ್ನು ಸೃಷ್ಟಿಕರ್ತನ ವಿರುದ್ಧವೇ ತಿರುಗಿಸಿ, ಕೊನೆಗೆ ಗೆಳೆಯರಿಗಾಗಿ ಪ್ರಾಣ ಕೊಡುವಂತೆ ಮಾಡುತ್ತದೆ. ಇನ್ನು ಮನುಷ್ಯನಾಗಿ ಹುಟ್ಟಿ, ಆಳುವುದಕ್ಕೆಂದೇ ಬೆಳೆಸಲ್ಪಟ್ಟು, ಆಮೇಲೆ ಹೊಮುಂಕ್ಯುಲಸ್ ಆದ ದೇಶದ ಆಡಳಿತಗಾರ ಕಿಂಗ್ ಬ್ರಾಡ್ಲಿ, ಎಲ್ಲವೂ ತನಗೆ ಕೊಡಲ್ಪಟ್ಟದ್ದು, ಹೆಂಡತಿಯನ್ನು ಮಾತ್ರ ತಾನೇ ಆರಿಸಿಕೊಂಡೆ ಎನ್ನುತ್ತಾನೆ. ನನ್ನನ್ನು ಹೆಚ್ಚು ಕಾಡುತ್ತಿರುವುದು ಈ ಮಾತೇ. ಅಷ್ಟಾದರೂ ಆಯ್ಕೆ ಮಾಡಬಲ್ಲವನು ಇಶ್ವಾಲ್ ಎಂಬ ಪ್ರದೇಶದ ಜನರ ನರಮೇಧಕ್ಕೆ ತಾನು ಕೊಟ್ಟ ಆಜ್ಞೆಗೆ ಪೂರ್ಣ ಹೊಣೆಗಾರನೆಂದು ನನಗನಿಸುತ್ತದೆ. ಈ ವಾದ ನಿಲ್ಲುತ್ತದೆಯೇ? ಸ್ವಭಾವ ಹಾಗೂ ಇಚ್ಛಾಸ್ವಾತಂತ್ರ್ಯವನ್ನು ಚರ್ಚಿಸುವ ಕನ್ನಡ ಬರಹಗಳು ಗೊತ್ತಿದ್ದರೆ ದಯವಿಟ್ಟು ತಿಳಿಸಿ.